ಗಂಗುಲಮ್ಮನ ಮಣ್ಣಿಗೆ ಬಂದ ಡ್ರೋನ್

ಗಂಗುಲಮ್ಮ ತೀರಿಕೊಂಡದ್ದರಲ್ಲಿ ಯಾರ ತಪ್ಪೂ ಇರಲಿಲ್ಲ. ವಯಸ್ಸಾಗಿತ್ತು, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಆದರೆ ಆಕೆ ಆರಿಸಿಕೊಂಡ ದಿನ ಮಾತ್ರ ಸರಿಯಿರಲಿಲ್ಲ. ಅವತ್ತು ಮುದ್ದೇನಹಳ್ಳಿಯ ಹತ್ತಿರದ ಒಂದು ಕಾಲೇಜಿನ ಸಮಾರಂಭಕ್ಕೆ ದೆಹಲಿಯಿಂದ ದೊಡ್ಡ ಗಣ್ಯರೊಬ್ಬರು ಬರುವವರಿದ್ದರು. ಅಂಥ ದಿನ ಚಿಕ್ಕಬಳ್ಳಾಪುರದ ಪೊಲೀಸರ ನೆಂಟರಿಷ್ಟರು ಯಾರೂ ಸಾಯುವಂತಿಲ್ಲ, ಹುಟ್ಟುವಂತಿಲ್ಲ. ಮದುವೆಯ ಮಾತಂತೂ ಎತ್ತುವಂತೆಯೇ ಇಲ್ಲ.

ಹೆಡ್ ಕಾನ್‌ಸ್ಟೆಬಲ್ ಕೆಂಪರಾಜು ಬೆಳಗ್ಗೆ ಬೂಟಿನ ದಾರ ಕಟ್ಟುತ್ತಿದ್ದಾಗ ಫೋನು ಬಂತು. ಆ ಕಡೆ ಗಂಗುಲಮ್ಮನ ಮಗ ಮುನಿವೆಂಕಟಪ್ಪ.

"ಅಮ್ಮ ಹೋಗ್ಬಿಟ್ಳು ಕಣೋ. ಮಧ್ಯಾಹ್ನಕ್ಕೆ ಮಣ್ಣು ಮಾಡ್ತೀವಿ. ಬಂದ್ಬಿಡಪ್ಪ."

ಕೆಂಪರಾಜು ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಅವನ ಹೆತ್ತ ತಾಯಿ ಅವನು ಹಾಲು ಕುಡಿಯುವಾಗಲೇ ಹೋಗಿದ್ದಳು. ತಂಗಿಯ ಮಗುವನ್ನು ಎತ್ತಿಕೊಂಡು ಬಂದ ಗಂಗುಲಮ್ಮ ತನ್ನ ಮಗನ ಪಕ್ಕದಲ್ಲೇ ಅವನನ್ನೂ ಮಲಗಿಸಿ ಸಾಕಿದಳು. ಆ ಸೀಮೆಯಲ್ಲಿ ಅರ್ಧ ಮಾತು ತೆಲುಗು; ಹಾಗಾಗಿ ಅವನು ಅವಳನ್ನು ದೊಡ್ಡಮ್ಮ ಎನ್ನದೆ ಪೆದ್ದಮ್ಮ ಎಂದೇ ಕರೆದ.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ತನುಜ ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತಿದ್ದಳು. ವಾರದಿಂದ ಸರಿಯಾಗಿ ನಿದ್ದೆಯಿಲ್ಲದೆ ಅವಳ ಕಣ್ಣುಗಳು ಬಾಡಿದ ಗುಲಾಬಿಯ ಬಣ್ಣಕ್ಕೆ ತಿರುಗಿದ್ದವು.

"ಮೇಡಂ, ನಮ್ಮ ಪೆದ್ದಮ್ಮ ತೀರ್ಕೊಂಡವ್ರೆ. ಅರ್ಧ ದಿನ ರಜ ಕೊಟ್ಟಿದ್ರೆ…"

"ಪೆದ್ದಮ್ಮ ಅಂದ್ರೆ ತಾಯಿನಾ?"

"ತಾಯಿ ಅಕ್ಕ ಮೇಡಂ. ಸಾಕಿದೋರು."

ತನುಜ ಮತ್ತೆ ನಕ್ಷೆಯ ಕಡೆ ತಿರುಗಿದಳು. "ಸ್ವಂತ ತಾಯಿ ಆಗಿದ್ರೂ ಇವತ್ತು ಕೊಡೋಕಾಗ್ತಿರ್ಲಿಲ್ಲ ಕೆಂಪರಾಜು. ಹಂಗಂದ್ಕೊಂಡು ಸಮಾಧಾನ ಮಾಡ್ಕೊಳ್ಳಿ."

ಅದು ಸಮಾಧಾನ ಹೇಗಾಗುತ್ತದೆ ಎಂದು ಯೋಚಿಸುತ್ತ ಕೆಂಪರಾಜು ಹೊರಗೆ ಬಂದು ಮುನಿವೆಂಕಟಪ್ಪನಿಗೆ ಫೋನು ಮಾಡಿದ. "ರಜ ಸಿಗ್ಲಿಲ್ಲಣ್ಣ" ಎಂದ. ಆ ಕಡೆ ಹೆಂಗಸರು ಅಳುವ ಸದ್ದು ಮಾತ್ರ ಕೇಳಿಸಿತು, ಆಮೇಲೆ ಅದೂ ನಿಂತಿತು. ಬಂದೋಬಸ್ತಿಗೆ ಹೋಗುವವರೆಲ್ಲ ಮೊಬೈಲನ್ನು ಠಾಣೆಯಲ್ಲೇ ಬಿಟ್ಟು ಹೋಗಬೇಕೆಂದು ಆಜ್ಞೆಯಿತ್ತು. ಅವನು ತನ್ನದನ್ನೂ ರಟ್ಟಿನ ಡಬ್ಬಿಗೆ ಹಾಕಿದ. ಬದಲಿಗೆ ಇಟ್ಟಿಗೆಯಷ್ಟು ದಪ್ಪದ ಒಂದು ವಾಕಿಟಾಕಿ ಸಿಕ್ಕಿತು.

ಅವತ್ತು ಅವನಿಗೆ ಬಿದ್ದದ್ದು ಡ್ರೋನ್ ಕಾಯುವ ಕೆಲಸ. ಗಣ್ಯರ ತಲೆಯ ಮೇಲೆ ಯಾರಾದರೂ ಡ್ರೋನಿನಲ್ಲಿ ಏನಾದರೂ ತಂದು ಹಾಕಿದರೆ ಏನು ಗತಿ ಎಂದು, ಸುತ್ತಲಿನ ಊರುಗಳಲ್ಲಿ ಇಡೀ ದಿನ ಡ್ರೋನ್ ಹಾರಿಸುವುದನ್ನು ನಿಷೇಧಿಸಿದ್ದರು. ಕದ್ದು ಹಾರಿಸಿದವರನ್ನು ಹಿಡಿಯಲು ಬೆಂಗಳೂರಿನ ಒಂದು ಕಂಪನಿಯಿಂದ ಯಂತ್ರ ಬಂದಿತ್ತು. ಕಾಲೇಜಿನ ತಾರಸಿಯ ಮೇಲೆ ನಾಲ್ಕು ಕೊಂಬು ಚಾಚಿಕೊಂಡು ಅದು ಕೂತಿತ್ತು, ಹಬ್ಬಕ್ಕೆ ತಂದು ಯಾರೋ ಮರೆತುಹೋದ ಟಗರಿನಂತೆ. ಅದರ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಲಾವಣ್ಯ ಎಂಬ ಇಂಜಿನಿಯರ್ ಹುಡುಗಿ ಕೂತಿದ್ದಳು.

"ಡ್ರೋನ್‌ಗೂ ರಿಮೋಟ್‌ಗೂ ನಡೆಯೋ ಮಾತುಕತೆ ಇದು ಕದ್ದು ಕೇಳಿಸ್ಕೊಳತ್ತೆ ಸರ್" ಎಂದು ಅವಳು ವಿವರಿಸಿದಳು. "ಡ್ರೋನ್ ಎಲ್ಲಿದೆ, ಹಾರಿಸ್ತಿರೋರು ಎಲ್ಲಿದಾರೆ, ಎರಡೂ ತೋರ್ಸತ್ತೆ."

"ಹಿಡ್ಕೊಂಡೂ ಬರತ್ತೇನಮ್ಮ?"

"ಇಲ್ಲ ಸರ್. ಅದಕ್ಕೆ ನೀವಿದೀರಲ್ಲ."

ಯಂತ್ರ ಹೊಸದು, ದುಬಾರಿಯದು. ಅದು ತೋರಿಸಿದ ಕಡೆಗೆ ಓಡಲು ಇದ್ದದ್ದು ಕೆಂಪರಾಜು ಮತ್ತು ಅವನ ಹಳೆಯ ಬೈಕು. ಉಳಿದವರನ್ನೆಲ್ಲ ರಸ್ತೆಯುದ್ದಕ್ಕೂ ಬೇಲಿಗೂಟದಂತೆ ನೆಟ್ಟಾಗಿತ್ತು.

ಮೋಡ ಮುಚ್ಚಿದ ಬೆಳಗು. ನಂದಿಬೆಟ್ಟ ಕಾಣದಂತೆ ಮಂಜು ಕವಿದಿತ್ತು. ಪೆದ್ದಮ್ಮನಿಗೆ ಈಗ ಸ್ನಾನ ಮಾಡಿಸುತ್ತಿರಬಹುದು, ಈಗ ಸೀರೆ ಉಡಿಸುತ್ತಿರಬಹುದು ಎಂದು ಲೆಕ್ಕ ಹಾಕುತ್ತ ಕೆಂಪರಾಜು ತಾರಸಿಯ ಮೂಲೆಯಲ್ಲಿ ನಿಂತಿದ್ದ. ಆಗ ಯಂತ್ರ ಕೀಕ್ ಎಂದಿತು.

"ಸಿಕ್ತು" ಎಂದಳು ಲಾವಣ್ಯ. "ಉತ್ತರಕ್ಕೆ. ಹುಣಸೆಕುಂಟೆ ಅಂತ ಊರಿನ ಹೆಸರಿದೆ."

ಹುಣಸೆಕುಂಟೆ ಗಂಗುಲಮ್ಮನ ಊರು. ಕೆಳಗೆ ಗೇಟಿನ ಹತ್ತಿರವಿದ್ದ ತನುಜ ಸುದ್ದಿ ತಿಳಿದು ವಾಕಿಟಾಕಿಯಲ್ಲಿ, "ಕೆಂಪರಾಜು, ಕೂಡ್ಲೇ ಹೊರಡಿ" ಎಂದಳು. ಅದು ತನ್ನ ಪೆದ್ದಮ್ಮನ ಊರೆಂದು ಹೇಳಲು ಅವನು ಬಾಯಿ ತೆರೆದ. ಹೇಳಿದರೆ ಬೇರೆ ಯಾರನ್ನಾದರೂ ಕಳಿಸಿಯಾರು ಎನಿಸಿತು. ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದ. ದಾರಿಯಲ್ಲಿ ಹೂವಿನ ಅಂಗಡಿ ಕಂಡಾಗ ಬೈಕು ತಾನಾಗಿ ನಿಂತಿತು. ಒಂದು ಗುಲಾಬಿ ಹಾರ ತೆಗೆದುಕೊಂಡು ಹ್ಯಾಂಡಲ್ಲಿಗೆ ನೇತುಹಾಕಿಕೊಂಡ. ಸರ್ಕಾರವೇ ಕಳಿಸುತ್ತಿರುವಾಗ ಬರಿಗೈಯಲ್ಲಿ ಹೋಗುವುದು ಹೇಗೆ.

ಅವನು ಊರು ಮುಟ್ಟುವ ಹೊತ್ತಿಗೆ ಚಟ್ಟ ಎತ್ತಿಯಾಗಿತ್ತು. ತಮಟೆ ಬಡಿಯುತ್ತ ಮೆರವಣಿಗೆ ಕೆರೆಯ ಕಡೆ ಹೊರಟಿತ್ತು. ಮುಂದೆ ಮಡಕೆ ಹಿಡಿದ ಮುನಿವೆಂಕಟಪ್ಪ. ಅವನಿಗಿಂತ ಮುಂದೆ, ಕೈಯಲ್ಲಿ ರಿಮೋಟ್ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದ ಪೆರೇಸಂದ್ರದ ಫೋಟೋ ಸ್ಟುಡಿಯೋದ ಅಂಬರೀಶ್. ಎಲ್ಲರ ತಲೆಯ ಮೇಲೆ ಆ ಡ್ರೋನ್ ಗುಂಯ್‌ಗುಟ್ಟುತ್ತಿತ್ತು. ಮೊದಮೊದಲು ಮದುವೆಗೆ ಮಾತ್ರ ಬರುತ್ತಿದ್ದ ಡ್ರೋನ್ ಆಮೇಲೆ ನಾಮಕರಣಕ್ಕೆ ಬಂದಿತ್ತು, ಈಗ ಮಣ್ಣಿಗೂ ಬಂದಿತ್ತು.

ಕೆಂಪರಾಜು ನೇರವಾಗಿ ಅಂಬರೀಶನ ಕಡೆಗೇ ನಡೆದ. ಆದರೆ ಕೈಯಲ್ಲಿ ಹಾರವಿತ್ತು, ಕಣ್ಣಲ್ಲಿ ನೀರಿತ್ತು. ಹೀಗೆ ಬಂದವನನ್ನು ಯಾವ ಊರಿನವರೂ ಪೊಲೀಸ್ ಎಂದುಕೊಳ್ಳುವುದಿಲ್ಲ.

"ಒಸ್ತಿವಾ ನಾಯನಾ, ಬಂದ್ಯಾ ಕಂದ" ಎಂದು ಸೋದರತ್ತೆ ವೆಂಕಟರತ್ನಮ್ಮ ಅವನ ತೋಳು ಹಿಡಿದುಕೊಂಡಳು. "ಬರಲ್ಲ ಅಂದ್ರು. ನಂಗೊತ್ತಿತ್ತು ನೀನ್ ಬತ್ತೀಯ ಅಂತ. ಹೆಗಲು ಕೊಡಪ್ಪ, ಅವಳ ಜೀವ ತಣ್ಣಗಾಗ್ಲಿ."

"ಅತ್ತೆ, ನಾನು ಡ್ಯೂಟಿ ಮೇಲೆ…"

"ಇದೇ ಕಣಪ್ಪ ಡ್ಯೂಟಿ."

ಕಾಲಿನ ಕಡೆ ಹೊತ್ತಿದ್ದವನೊಬ್ಬ ಆಗಲೇ ಸುಸ್ತಾಗಿದ್ದ. ಇವನು ಹತ್ತಿರ ಬಂದದ್ದೇ ತಡ, ಬಿದಿರನ್ನು ಇವನ ಹೆಗಲಿಗೆ ದಾಟಿಸಿ, ಬೀಡಿ ಹುಡುಕುತ್ತ ಪಕ್ಕಕ್ಕೆ ಸರಿದ. ಹಾರವನ್ನು ಪೆದ್ದಮ್ಮನ ಪಾದದ ಮೇಲೆ ಇಡಲಷ್ಟೇ ಸಾಧ್ಯವಾಯಿತು. ಚಟ್ಟ ಹೊತ್ತವನು ಹಿಂದೆ ತಿರುಗಿ ನೋಡುವಂತಿಲ್ಲ, ನಡುವೆ ಇಳಿಸುವಂತೆಯೂ ಇಲ್ಲ. ಖಾಕಿ ಅಂಗಿಯ ಮೇಲೆ ಬಿದಿರು ಹೊತ್ತು ಕೆಂಪರಾಜು ನಡೆದ.

ಸೊಂಟದ ವಾಕಿಟಾಕಿ ಮಾತಾಡಿತು. "ಕೆಂಪರಾಜು, ಎಲ್ಲಿದೀರಿ?"

ಪಕ್ಕದಲ್ಲಿದ್ದವನಿಂದ ಅದರ ಗುಂಡಿ ಒತ್ತಿಸಿಕೊಂಡು ಹೇಳಿದ. "ಡ್ರೋನ್ ಕೆಳಗೇ ಇದೀನಿ ಮೇಡಂ."

"ಹಾರಿಸ್ತಿರೋನು ಕಾಣ್ತಿದಾನಾ?"

"ಎದುರಿಗೇ ಅವ್ನೆ ಮೇಡಂ."

"ಮತ್ತೆ ಹಿಡೀರಿ."

"ಕೈ ಖಾಲಿ ಇಲ್ಲ ಮೇಡಂ."

"ಏನದು ತಮಟೆ ಸದ್ದು?"

ಕೆಂಪರಾಜು ಉತ್ತರ ಹುಡುಕುವಷ್ಟರಲ್ಲಿ ಗುಂಡಿ ಒತ್ತುತ್ತಿದ್ದವನು ಅಳು ಬಂದು ಕೈ ತೆಗೆದ. ಮೇಲೆ ಡ್ರೋನ್ ಇನ್ನಷ್ಟು ಕೆಳಗಿಳಿದು, ಚಟ್ಟದ ನೇರಕ್ಕೆ ಬಂದು ನಿಂತಿತು. ಅದರ ಗಾಳಿಗೆ ಪುರಿ, ಹೂವು, ಚಿಲ್ಲರೆ ಕಾಸೆಲ್ಲ ಹಾರಿ ಅವನ ಟೋಪಿಯ ಮೇಲೆ ಬಿದ್ದವು.

ಕೆರೆಯ ಪಕ್ಕ ತೋಡಿದ್ದ ಗುಂಡಿಯ ಹತ್ತಿರ ಚಟ್ಟ ಇಳಿಸಿದರು. "ಮುಖ ನೋಡೋರು ನೋಡ್ಕೊಂಬಿಡಿ" ಎಂದು ಯಾರೋ ಕೂಗಿದರು. ಕೆಂಪರಾಜು ತಿರುಗುವುದಕ್ಕೂ ವಾಕಿಟಾಕಿ ಮತ್ತೆ ಒದರುವುದಕ್ಕೂ ಸರಿಹೋಯಿತು. ಹೆಣದ ಮುಂದೆ ಉತ್ತರ ಕೊಡಲು ನಾಚಿಕೆಯಾಗಿ ಅವನು ಹೊಂಗೆ ಮರದ ಹಿಂದಕ್ಕೆ ಹೋದ. ಗಣ್ಯರ ವಿಮಾನ ಇಳಿದಿದೆ, ಡ್ರೋನ್ ಇನ್ನೂ ಆಕಾಶದಲ್ಲಿದೆ, ಇದಕ್ಕೆ ಏನು ಹೇಳುತ್ತೀರಿ ಎಂದು ತನುಜ ಕೇಳಿದಳು. ಇದೋ ಇಳಿಸಿದೆ ಎಂದು ಹೇಳಿ, ಅಂಬರೀಶನಿಗೆ ಕೈಸನ್ನೆ ಮಾಡಿ ಡ್ರೋನನ್ನು ಇಳಿಸಿಯೂ ಆಯಿತು. ಕೆಂಪರಾಜು ಓಡಿ ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಎಳೆದ ಬಟ್ಟೆಯನ್ನು ಮತ್ತೆ ಸರಿಸಿ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಗುಂಡಿಗಿಳಿದು, ಕಾಲಿನ ಕಡೆ ಹಿಡಿದು, ಅವಳನ್ನು ಮಲಗಿಸಿದ. ಮೇಲೆ ಬಂದು ಮೂರು ಹಿಡಿ ಮಣ್ಣು ಹಾಕಿದ. ಉಳಿದವರೂ ಹಾಕಿದರು. ಗುದ್ದಲಿಯವರು ಮಿಕ್ಕ ಮಣ್ಣು ಎಳೆದರು.

ಗುಂಡಿ ಮುಚ್ಚಿ ದಿಬ್ಬವಾಗುವ ಹೊತ್ತಿಗೆ, ನೆಲದೊಳಗಿಂದ ಒಂದು ಹೆಣ್ಣುದನಿ ಬಂತು.

"ಕೆಂಪರಾಜು… ಕೆಂಪರಾಜು…"

ತಮಟೆ ನಿಂತಿತು. ಕೆಂಪರಾಜು ಸೊಂಟ ಮುಟ್ಟಿ ನೋಡಿಕೊಂಡ. ಅಲ್ಲಿ ವಾಕಿಟಾಕಿ ಇರಲಿಲ್ಲ. ಗುಂಡಿಗಿಳಿದು ಬಾಗಿದಾಗ ಅದು ಜಾರಿತ್ತು.

"ಎಷ್ಟ್ ಹೊತ್ತು ಕಾಯ್ಲಿ ಕೆಂಪರಾಜು. ಬೇಗ ಬನ್ನಿ" ಎಂದಿತು ಮಣ್ಣು. "ಜೊತೇಲಿರೋನನ್ನೂ ಕರ್ಕೊಂಡ್ ಬನ್ನಿ."

ಅವನ ಜೊತೆಯಲ್ಲಿ ನಿಂತಿದ್ದವನು ಮುನಿವೆಂಕಟಪ್ಪ. ತಾಯಿಯ ಮೇಲೆ ಎಷ್ಟೇ ಪ್ರೀತಿಯಿದ್ದರೂ ಅವನು ಮೆಲ್ಲಗೆ ಹಿಂದಕ್ಕೆ ಸರಿದು ಬೇಲಿಯ ಆಚೆಗೆ ಹೋಗಿ ನಿಂತ. ಹೆಂಗಸರೆಲ್ಲ ಕೈಮುಗಿದರು.

"ಸತ್ತ ಮೇಲೆ ಎಷ್ಟ್ ಮರ್ಯಾದೆ ಕೊಟ್ಟು ಮಾತಾಡ್ತಾವ್ಳೆ ನೋಡ್ರಿ" ಎಂದಳು ವೆಂಕಟರತ್ನಮ್ಮ. "ಬದುಕಿದ್ದಾಗ ಒಂದು ದಿನ ಯಾರ್ನೂ ಬನ್ನಿ ಅಂದೋಳಲ್ಲ. ಓ ಅನ್ನಪ್ಪ. ಆಸೆ ಇಟ್ಕೊಂಡು ಕರೀತಾವ್ಳೆ."

"ಅತ್ತೆ, ಅದು ಪೆದ್ದಮ್ಮ ಅಲ್ಲ, ನಮ್ಮ ಮೇಡಂ" ಎಂದು ಅವನು ವಿವರಿಸಲು ನೋಡಿದ. ಗುದ್ದಲಿಗೆ ಕೈ ಹಾಕಿದ. ಹಿರಿಯರು ಅಡ್ಡ ಬಂದರು. ಹಾಕಿದ ಮಣ್ಣನ್ನು ತೆಗೆಯುವ ಪದ್ಧತಿ ಹುಣಸೆಕುಂಟೆಯಲ್ಲಿ ಇಲ್ಲ. ಸರ್ಕಾರದ ಸಾಮಾನಾದರೂ ಅಷ್ಟೆ, ಸ್ವಂತದ್ದಾದರೂ ಅಷ್ಟೆ. ಮಣ್ಣು ಇನ್ನೊಂದೆರಡು ಸಲ ಅವನ ಹೆಸರು ಹಿಡಿದು ಕರೆದು, ಗೊರಗೊರ ಎಂದು ಸುಮ್ಮನಾಯಿತು. ಅದು ಪೆದ್ದಮ್ಮ ಅಲ್ಲವೆಂದು ಗೊತ್ತಿದ್ದೂ ಕೆಂಪರಾಜು ಮೆಲ್ಲಗೆ "ಓ" ಎಂದ. ಅವನನ್ನು ಆ ಊರಿನಲ್ಲಿ ಹಾಗೆ ಹೆಸರು ಹಿಡಿದು ಕರೆಯುವವರು ಇನ್ನು ಯಾರೂ ಇರಲಿಲ್ಲ.

ಕಣ್ಣೊರೆಸಿಕೊಂಡು ಅವನು ಮತ್ತೆ ಪೊಲೀಸಾದ. ಹೊಂಗೆ ಮರದ ಕೆಳಗಿದ್ದ ಅಂಬರೀಶನ ಹತ್ತಿರ ಹೋಗಿ, "ಡ್ರೋನ್ ಕೊಡಪ್ಪ. ಜಪ್ತಿ. ನೀನೂ ನಡಿ" ಎಂದ.

ಬೇಲಿಯ ಆಚೆಯಿಂದ ಮುನಿವೆಂಕಟಪ್ಪ ಬಂದ. ಅವನ ಮುಖ ಗಡಿಗೆಯ ತಳದಂತಾಗಿತ್ತು. "ನಮ್ಮಮ್ಮನ್ನ ಮಣ್ಣು ಮಾಡಕ್ಕೆ ಬಂದೆ ಅಂದ್ಕೊಂಡಿದ್ದೆ ಕಣೋ. ಜಪ್ತಿ ಮಾಡಕ್ಕೆ ಬಂದಿದ್ಯಾ?"

"ಅಣ್ಣ, ಎರಡಕ್ಕೂ ಬಂದೆ."

"ಒಂದೇ ಹೆಗಲಲ್ಲಿ ಎರಡು ಹೊರಕ್ಕಾಗಲ್ಲ ಕಣೋ." ಮುನಿವೆಂಕಟಪ್ಪ ಡ್ರೋನ್ ಕಡೆ ಒಮ್ಮೆ ನೋಡಿದ. ಇನ್ನೇನೋ ಹೇಳುವವನಿದ್ದ, ಹೇಳಲಿಲ್ಲ. "ತಗೊಂಡ್ ಹೋಗು" ಎಂದು ಬೆನ್ನು ತಿರುಗಿಸಿದ.

ಆ ಅವಮಾನದ ಉರಿಯಲ್ಲಿ ಕೆಂಪರಾಜು ಡ್ರೋನನ್ನೂ ರಿಮೋಟನ್ನೂ ತೆಗೆದು ತನ್ನ ಖಾಕಿ ಚೀಲಕ್ಕೆ ತುರುಕಿದ. "ಸಾರ್, ಅದನ್ನ ಒಂದ್ ನಿಮಿಷ…" ಎಂದು ಅಂಬರೀಶ್ ಕೈ ಚಾಚಿದ.

"ಸಾಕ್ಷ್ಯ ಮುಟ್ಬೇಡ."

"ಅಲ್ಲ ಸಾರ್, ಸ್ವಿಚ್ಚು…"

"ಬಾಯ್ ಮುಚ್ಕೊಂಡು ಹತ್ತು."

ಅಂಬರೀಶ್ ಬಾಯಿ ಮುಚ್ಚಿಕೊಂಡು ಹಿಂದೆ ಹತ್ತಿದ. ಬೈಕು ಮುದ್ದೇನಹಳ್ಳಿಯ ಕಡೆ ಹೊರಟಿತು.

ತಾರಸಿಯ ಮೇಲೆ ಲಾವಣ್ಯ ಎದ್ದು ನಿಂತಳು. ಹುಣಸೆಕುಂಟೆಯಲ್ಲಿ ಇಳಿದಿದ್ದ ಡ್ರೋನ್ ಮತ್ತೆ ಹೊರಟಿತ್ತು, ಅದೂ ನೇರವಾಗಿ ಕಾಲೇಜಿನ ಕಡೆಗೆ. ಅದಕ್ಕಿಂತ ವಿಚಿತ್ರವೆಂದರೆ ಅದು ರಸ್ತೆಯ ತಿರುವಿನಲ್ಲೆಲ್ಲ ತಿರುಗುತ್ತಿತ್ತು, ರಸ್ತೆ ಉಬ್ಬುಗಳ ಹತ್ತಿರ ನಿಧಾನವಾಗುತ್ತಿತ್ತು, ಹಸುಗಳು ಅಡ್ಡ ಬಂದಾಗ ನಿಲ್ಲುತ್ತಿತ್ತು. ಹಾರಿಸುವವನೂ ಜೊತೆಯಲ್ಲೇ ಬರುತ್ತಿದ್ದ. "ತುಂಬಾ ಕೆಳಗೆ ಹಾರ್ತಿದೆ ಮೇಡಂ" ಎಂದಳು ಲಾವಣ್ಯ, ಗೇಟಿನ ಕಡೆ ಬಗ್ಗಿ. ತನುಜ ಕೆಂಪರಾಜುವನ್ನು ಕರೆದಳು, ಮತ್ತೆ ಮತ್ತೆ ಕರೆದಳು. ಅವಳ ದನಿ ಹುಣಸೆಕುಂಟೆಯ ಮಣ್ಣೊಳಗೆ ಹೋಗಿ ಗಂಗುಲಮ್ಮನಿಗೆ ಮಾತ್ರ ಕೇಳಿಸಿರಬೇಕು. ಗಣ್ಯರ ಕಾರುಗಳ ಸಾಲನ್ನು ದ್ರಾಕ್ಷಿ ತೋಟವೊಂದರ ಪಕ್ಕದಲ್ಲಿ ನಿಲ್ಲಿಸಲಾಯಿತು.

ಕಾಲೇಜಿನ ಗೇಟಿನ ಮುಂದೆ ಕೆಂಪರಾಜು ಬೈಕು ನಿಲ್ಲಿಸಿ, ಸೆಲ್ಯೂಟ್ ಹೊಡೆದು, "ಮೇಡಂ, ಡ್ರೋನ್ ತಂದಿದೀನಿ" ಎಂದ.

ಇಡೀ ದಿನ ಯಾರೂ ಹೇಳಬಾರದ ಮಾತೆಂದರೆ ಅದೊಂದೇ. ಕಪ್ಪು ಬಟ್ಟೆಯ ಬಂದೂಕಿನವರು ನಾಲ್ಕೂ ಕಡೆಯಿಂದ ಬಂದು ಅವನನ್ನು ಅಂಗಾತ ಕೆಡವಿ, ಆಮೇಲೆ ಬೋರಲು ಮಾಡಿದರು. ಅಂಬರೀಶ್ ಯಾರೂ ಹೇಳದೆಯೇ ಪಕ್ಕದಲ್ಲಿ ಬೋರಲು ಮಲಗಿಕೊಂಡ. ಚೀಲ ಬಿಚ್ಚಿದಾಗ ಒಳಗೆ ಡ್ರೋನಿನ ದೀಪ ಮಿಣಮಿಣ ಅನ್ನುತ್ತಿತ್ತು.

"ಸ್ವಿಚ್ಚು ಆಫ್ ಮಾಡಿಲ್ಲ" ಎಂದಳು ಲಾವಣ್ಯ.

"ನಾನ್ ಹೇಳ್ದೆ" ಎಂದ ಅಂಬರೀಶ್, ಮಣ್ಣಿನೊಳಗೆ ಮೂಗು ಇಟ್ಟುಕೊಂಡೇ.

ಗಣ್ಯರು ತಡವಾಗಿ ಬಂದು, ಭಾಷಣವನ್ನು ಮೊಟಕು ಮಾಡಿ, ಬೇಗ ಹೊರಟುಹೋದರು. ಸಂಜೆ ಠಾಣೆಯಲ್ಲಿ ತನುಜಳ ಮುಂದೆ ಕಂಪ್ಯೂಟರಿತ್ತು, ಅದರಲ್ಲಿ ಡ್ರೋನ್ ತೆಗೆದ ಚಿತ್ರವಿತ್ತು. ಮೇಲಿನವರಿಗೆ ರಾತ್ರಿಯೊಳಗೆ ವರದಿ ಹೋಗಬೇಕಿತ್ತು. ಕೆಂಪರಾಜು ಮಣ್ಣಾದ ಅಂಗಿಯಲ್ಲೇ ನಿಂತಿದ್ದ. ಬೆಂಚಿನ ಮೇಲೆ ಅಂಬರೀಶ್ ಕೂತಿದ್ದ.

ಚಿತ್ರದಲ್ಲಿ ಕೆಂಪರಾಜು ಬೈಕಿನಿಂದ ಇಳಿಯುವುದು ಸ್ಪಷ್ಟವಾಗಿ ಬಂದಿತ್ತು.

"ಡ್ರೋನ್ ಹಿಡಿಯೋಕೆ ಹೋಗೋರು ಹಾರ ಯಾಕೆ ತಗೊಂಡ್ ಹೋದ್ರಿ?" ಎಂದು ತನುಜ ಕೇಳಿದಳು.

ಕೆಂಪರಾಜು ಅಂಗಿಗೆ ಅಂಟಿದ್ದ ಮಣ್ಣು ಕೊಡವಿಕೊಂಡ.

"ಕೈ ಖಾಲಿ ಇಲ್ಲ ಅಂದ್ರಿ. ಇದಾ?" ಪರದೆಯ ಮೇಲೆ ಖಾಕಿ ಅಂಗಿಯವನೊಬ್ಬ ಚಟ್ಟ ಹೊತ್ತು ನಡೆಯುತ್ತಿದ್ದ. "ರಜ ಕೊಡಲ್ಲ ಅಂದಿದ್ದ ಜಾಗಕ್ಕೇ ಹೋಗಿದೀರಿ. ವಾಕಿಟಾಕಿ ಎಲ್ಲಿ?"

"ಪೆದ್ದಮ್ಮನ ಹತ್ರ ಐತೆ ಮೇಡಂ."

ತನುಜ ಕಣ್ಣು ಮುಚ್ಚಿಕೊಂಡು ಹಣೆ ಒತ್ತಿಕೊಂಡಳು. ಆಮೇಲೆ ಅಂಬರೀಶನ ಕಡೆ ತಿರುಗಿದಳು. "ನಿಷೇಧ ಇರೋದು ಗೊತ್ತಿರ್ಲಿಲ್ವೇನಪ್ಪ?"

"ಗೊತ್ತಿತ್ತು ಮೇಡಂ. ಆಗಲ್ಲ ಅಂತ್ಲೂ ಅಂದೆ. ಮುನಿವೆಂಕಟಪ್ಪಣ್ಣ ಕೇಳ್ಲಿಲ್ಲ."

"ಸಾವಿನ ಮನೇಲೂ ಅಷ್ಟು ಶೋಕಿನಾ ಅವರಿಗೆ?"

"ಶೋಕಿಗಲ್ಲ ಮೇಡಂ." ಅಂಬರೀಶ್ ಕೆಂಪರಾಜುವನ್ನು ನೋಡಿ ತಲೆ ತಗ್ಗಿಸಿದ. "ಬೆಳಗ್ಗೆ ಅಂಗಡಿ ಬಾಗಿಲು ತೆಗಿಯೋಕೆ ಮುಂಚೆ ಬಂದು ನಿಂತಿದ್ರು. ನನ್ ತಮ್ಮನಿಗೆ ರಜ ಸಿಕ್ಕಿಲ್ಲ, ಅವನು ಅಮ್ಮನ್ನ ನೋಡ್ಬೇಕು. ಮೊಬೈಲಲ್ಲಿ ಹಿಡಿದ್ರೆ ಜನರ ತಲೆಗಳೇ ಬರತ್ತೆ. ಮೇಲಿಂದ ಹಿಡಿ, ಅವಳ ಮುಖ ಚೆನ್ನಾಗಿ ಬರ್ಲಿ, ಅಂದ್ರು. ಕಣ್ಣಲ್ಲಿ ನೀರ್ ಹಾಕ್ಕೊಂಡ್ ಕೇಳಿದ್ರು. ನಾನ್ ಇಲ್ಲ ಅನ್ನಕ್ಕಾಗ್ಲಿಲ್ಲ."

ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು.

ತನುಜ ಬರೆಯಬೇಕಾದದ್ದನ್ನು ಬರೆದಳು. ಹಾರಿಸಿದವನು ಅಂಬರೀಶ್, ಹಾರಿಸಲು ಹೇಳಿದವನು ಮುನಿವೆಂಕಟಪ್ಪ, ಹಾರಿಸಿದ್ದು ಕೆಂಪರಾಜುವಿಗಾಗಿ. ಹಿಡಿದವನೂ ಕೆಂಪರಾಜು. ನಿಷೇಧಿತ ಜಾಗದೊಳಕ್ಕೆ ಅದನ್ನು ತಂದವನೂ ಅವನೇ. ಒಂದೇ ಹೆಸರು ಇಷ್ಟೊಂದು ಕಡೆ ಬರುವ ಪ್ರಕರಣ ಆ ಠಾಣೆಯಲ್ಲಿ ಹಿಂದೆ ಆಗಿರಲಿಲ್ಲ. ಕೊನೆಯಲ್ಲಿ ಅಮಾನತ್ತಿನ ಶಿಫಾರಸನ್ನೂ ಸೇರಿಸಿ, ಪೆನ್ನು ಕೆಳಗಿಟ್ಟಳು.

ಪರದೆಯ ಮೇಲೆ ಚಿತ್ರ ಇನ್ನೂ ಓಡುತ್ತಿತ್ತು. ಡ್ರೋನ್ ಕೆಳಗಿಳಿದು ಚಟ್ಟದ ನೇರಕ್ಕೆ ನಿಂತ ಜಾಗ ಬಂತು. ಹೂವಿನ ನಡುವೆ ಗಂಗುಲಮ್ಮನ ಮುಖ ಪರದೆಯ ತುಂಬ ಬಂತು. ಹಣೆಯ ತುಂಬ ಕುಂಕುಮ, ಬಾಯಲ್ಲಿ ಎಲೆ, ಯಾರ ಮೇಲೋ ಸುಳ್ಳು ಸಿಟ್ಟು ಮಾಡಿಕೊಂಡು ಮಲಗಿದಂತಿತ್ತು. ಕಾಲಿನ ಕಡೆ, ಆ ಮುಖಕ್ಕೆ ಬೆನ್ನು ಹಾಕಿ, ಕೆಂಪರಾಜು ನಡೆಯುತ್ತಿದ್ದ. ಚಿತ್ರ ಅಲ್ಲಿಂದ ಮೇಲೆ ಹೋಗಿ, ಕೆರೆ ತೋರಿಸಿ, ನಿಂತಿತು.

"ಮೇಡಂ" ಎಂದ ಕೆಂಪರಾಜು. ಇಡೀ ಸಂಜೆ ಅವನಾಗಿ ಆಡಿದ ಮೊದಲ ಮಾತು ಅದು. "ಆ ಮುಖ ಬರೋದು ಇನ್ನೊಂದ್ ಸಲ ಹಾಕ್ತೀರಾ."

ತನುಜ ಮೌಸಿನ ಮೇಲೆ ಕೈ ಇಟ್ಟಳು. ಆಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಎದ್ದು ನಿಂತು, "ಆಯ್ತು ಸರ್… ಈಗ್ಲೇ ಸರ್" ಎಂದು ಇಟ್ಟಳು. ಮೇಲಿನವರ ಅಪ್ಪಣೆಯಾಗಿತ್ತು. ಸಾಕ್ಷ್ಯವನ್ನು ಯಾರೂ ಮತ್ತೆ ನೋಡಕೂಡದು, ಕೂಡಲೇ ಮೊಹರು ಮಾಡಿ ಇಡಬೇಕು. ಅವಳು ಡ್ರೋನಿನ ಸಣ್ಣ ಕಾರ್ಡನ್ನು ತೆಗೆದು ಲಕೋಟೆಗೆ ಹಾಕಿದಳು.

"ಕೋರ್ಟಲ್ಲಿ ಹಾಕ್ತಾರೆ ಕೆಂಪರಾಜು" ಎಂದಳು, ಅವನ ಮುಖ ನೋಡದೆ. "ಆಗ ನೋಡೋರಂತೆ."

ಠಾಣೆಯಲ್ಲಿ ಅರಗು ಕರಗಿಸಿ ಅಚ್ಚುಕಟ್ಟಾಗಿ ಮೊಹರು ಒತ್ತಲು ಬರುತ್ತಿದ್ದದ್ದು ಒಬ್ಬನಿಗೇ. ಎಲ್ಲರೂ ಅವನ ಕಡೆ ನೋಡಿದರು. ಕೆಂಪರಾಜು ಲಕೋಟೆಯನ್ನು ಎರಡೂ ಕೈಯಲ್ಲಿ ಇಸಕೊಂಡು, ಮೇಣದ ಬತ್ತಿ ಹಚ್ಚಿದ.